ಮನೆ ಸಾಲದ ಜೊತೆ ಅಂಟಿಸಿದ ವಿಮೆ: ದುಡ್ಡು ವಾಪಸ್ ಪಡೆದ ನನ್ನ ಅನುಭವ

2006ರಲ್ಲಿ ನಾವು ಇಂಗ್ಲೆಂಡಿನ ರೆಡಿಂಗ್‌ನಲ್ಲಿ ಮನೆ ಕೊಂಡೆವು. ನಾನು ಆಗ ಐಟಿಯಲ್ಲಿ ಕಾಂಟ್ರಾಕ್ಟರ್. ಆರು ತಿಂಗಳ ಒಪ್ಪಂದ, ಅದು ಮುಗಿದರೆ ಇನ್ನೊಂದು ಹುಡುಕಬೇಕು. ಸಾಲದ ಕಾಗದಗಳ ಜೊತೆ ಬ್ಯಾಂಕಿನ ಸಲಹೆಗಾರ ಇನ್ನೊಂದು ಫಾರ್ಮ್ ಮುಂದಿಟ್ಟ. "ಕೆಲಸ ಹೋದರೆ, ಕಾಯಿಲೆ ಬಂದರೆ ಒಂದು ವರ್ಷ ಕಂತನ್ನು ವಿಮೆಯವರೇ ಕಟ್ಟುತ್ತಾರೆ. ಇದಿದ್ದರೆ ಸಾಲವೂ ಸಲೀಸಾಗಿ ಆಗುತ್ತದೆ" ಎಂದ. ತಿಂಗಳಿಗೆ 38 ಪೌಂಡ್. ಮನೆ ಕೈತಪ್ಪಬಾರದು ಅನ್ನುವ ಒಂದೇ ಚಿಂತೆ ನನಗೆ. ತೋರಿಸಿದ ಕಡೆಯೆಲ್ಲ ಸಹಿ ಹಾಕಿದೆ.

2012ರ ಆರಂಭದಲ್ಲಿ ಒಪ್ಪಂದ ಮುಗಿಯಿತು, ಮುಂದಿನದು ಸಿಗಲಿಲ್ಲ. ವಿಮೆ ಇದೆಯಲ್ಲ ಅಂತ ಧೈರ್ಯವಾಗಿ ಫೋನ್ ಮಾಡಿದೆ. ಒಪ್ಪಂದದ ಅವಧಿ ಮುಗಿಯುವುದು ನಮ್ಮ ಲೆಕ್ಕದಲ್ಲಿ ನಿರುದ್ಯೋಗ ಅಲ್ಲ, ಪುಸ್ತಿಕೆ ನೋಡಿ ಅಂದರು. ನೋಡಿದರೆ ಸಣ್ಣ ಅಕ್ಷರದಲ್ಲಿ ಹಾಗೇ ಇತ್ತು. ಅಂದರೆ ನನಗೆ ಅತಿ ಜಾಸ್ತಿ ಬೇಕಾಗಿದ್ದ ಭಾಗವೇ ಮೊದಲ ದಿನದಿಂದಲೂ ನನಗೆ ಸಿಗುವಂತಿರಲಿಲ್ಲ! ಏಪ್ರಿಲ್ ಕಂತು ಹೋದ ಮೇಲೆ ವಿಮೆ ನಿಲ್ಲಿಸಿದೆ. ಅಷ್ಟರಲ್ಲಿ 71 ಕಂತು, 2,698 ಪೌಂಡ್ ಹೋಗಿತ್ತು.

ದೂರು ಕೊಡಲು ನನಗೆ ಹಿಂಜರಿಕೆ ಇತ್ತು. ಓದದೆ ಸಹಿ ಹಾಕಿದವನು ನಾನೇ ತಾನೇ. ನನ್ನ ಹೆಂಡತಿ ಬಿಡಲಿಲ್ಲ. "ಸಹಿ ನಿಮ್ಮದೇ ಇರಲಿ ರೀ, ಇದನ್ನು ತಗೊಳ್ಳಿ ಅಂತ ಹೇಳೋ ಮುಂಚೆ ನಿಮ್ಮ ಕೆಲಸ ಎಂಥದು ಅಂತ ಅವರು ನೋಡಬೇಕಿತ್ತು ಅಲ್ವಾ?" ಎಂದಳು. ಕೊನೆಗೆ ಇಡೀ ದೂರು ನಿಂತಿದ್ದು ಈ ಒಂದು ಮಾತಿನ ಮೇಲೆ.

ಸಾಲದ ಕಂತು ಕಟ್ಟಲಾಗದಾಗ ನೆರವಾಗಲೆಂದು ಮಾರುವ ಇಂಥ ವಿಮೆಗೆ ಅಲ್ಲಿ ಪಿಪಿಐ (ಪೇಮೆಂಟ್ ಪ್ರೊಟೆಕ್ಷನ್ ಇನ್ಶೂರೆನ್ಸ್) ಅಂತ ಹೆಸರು. ಅದನ್ನು ತಪ್ಪಾಗಿ ಮಾರಿದ್ದಾರೆ ಅಂತ ಆಗ ಬ್ರಿಟನ್‌ನಲ್ಲಿ ಎಲ್ಲೆಲ್ಲೂ ಸುದ್ದಿ. ಹಳೆಯ ದೂರುಗಳನ್ನು ಹೇಗೆ ಇತ್ಯರ್ಥ ಮಾಡಬೇಕು ಅನ್ನುವ ನಿಯಮದ ವಿರುದ್ಧ ಬ್ಯಾಂಕುಗಳು ಹೈಕೋರ್ಟಿಗೆ ಹೋಗಿ 2011ರ ಏಪ್ರಿಲ್‌ನಲ್ಲಿ ಸೋತಿದ್ದವು. ನಮ್ಮ ಪರವಾಗಿ ದೂರು ಕೊಟ್ಟು ಹಣ ವಾಪಸ್ ಕೊಡಿಸುತ್ತೇವೆ ಅನ್ನುವ ಯಾವುದಾದರೂ ಕ್ಲೇಮ್ ಕಂಪನಿಯ ಫೋನ್ ದಿನಾ ಬರುತ್ತಿತ್ತು. ಬಂದ ಹಣದಲ್ಲಿ ನೂರಕ್ಕೆ 25 ಅವರಿಗೆ, ಮೇಲೆ ವ್ಯಾಟ್, ಅಂದರೆ ಒಟ್ಟು 30. ಅವರು ತುಂಬುವ ಫಾರ್ಮನ್ನು ನಾನೇ ಬಿಟ್ಟಿಯಾಗಿ ತುಂಬಬಹುದಿತ್ತು, ಹಾಗಾಗಿ ಬೇಡ ಅಂದೆ.

ದೂರಿಗೆ ಮೊದಲು ನಾನು ನನ್ನ ಕಡತ ತರಿಸಿಕೊಂಡೆ. ನಮ್ಮ ಬಗ್ಗೆ ಬ್ಯಾಂಕು ಇಟ್ಟುಕೊಂಡಿರುವ ಮಾಹಿತಿಯನ್ನು ಕೇಳಿ ಪಡೆಯುವ ಹಕ್ಕು ಅಲ್ಲಿ ಕಾನೂನಿನಲ್ಲೇ ಇದೆ. ಆಗ 10 ಪೌಂಡ್ ಶುಲ್ಕ, 40 ದಿನದ ಗಡುವು. 2018ರಿಂದ ಸಾಮಾನ್ಯವಾಗಿ ಶುಲ್ಕ ಇಲ್ಲ, ಗಡುವು ಒಂದು ತಿಂಗಳು. ಬಂದ ಕಟ್ಟಿನಲ್ಲಿ ಸಲಹೆಗಾರ ಕೈಯಲ್ಲೇ ಬರೆದಿದ್ದ ಟಿಪ್ಪಣಿ ಸಿಕ್ಕಿತು. ಅದರಲ್ಲಿ ನಾನು ಕಾಂಟ್ರಾಕ್ಟ್ ಕೆಲಸದವನು, ಸದ್ಯದ ಒಪ್ಪಂದ ಇಂಥ ತಿಂಗಳಿಗೆ ಮುಗಿಯುತ್ತದೆ ಅಂತ ಇತ್ತು, ಎರಡು ಸಾಲು ಕೆಳಗೆ ಈ ವಿಮೆ ತೆಗೆದುಕೊಳ್ಳಲು ಸಲಹೆ ಕೊಟ್ಟಿದ್ದೇನೆ ಅಂತಲೂ ಇತ್ತು. ಆ ಹಾಳೆ ಹಿಡಿದುಕೊಂಡು ನಾವಿಬ್ಬರೂ ತುಂಬ ಹೊತ್ತು ಸುಮ್ನೆ ಕೂತಿದ್ದೆವು.

ಇಲ್ಲಿ ಒಂದು ವಿಷಯ ಚೆನ್ನಾಗಿ ತಿಳಿದಿರಬೇಕು. ಬರೀ ಮಾಹಿತಿ ಕೊಟ್ಟು ಮಾರುವುದು ಬೇರೆ, ಸಲಹೆ ಕೊಟ್ಟು ಮಾರುವುದು ಬೇರೆ. ಮಾಹಿತಿ ಕೊಟ್ಟು ಮಾರಿದ್ದರೆ, ಆ ಮಾಹಿತಿ ಸ್ಪಷ್ಟವಾಗಿತ್ತಾ, ವಿಮೆ ಕಡ್ಡಾಯ ಅಲ್ಲ ಅಂತ ಹೇಳಿದ್ದರಾ ಅನ್ನುವುದು ಪ್ರಶ್ನೆ. ಸಲಹೆ ಕೊಟ್ಟಿದ್ದರೆ ಇವೆಲ್ಲದರ ಜೊತೆಗೆ, ಅದು ನನ್ನ ಪರಿಸ್ಥಿತಿಗೆ ಹೊಂದುತ್ತಿತ್ತಾ ಅನ್ನುವುದೂ ಅವರ ಹೊಣೆ.

ಮೇ ತಿಂಗಳಲ್ಲಿ ಒಂದೇ ಪುಟದ ದೂರು ಬರೆದೆ. ಮೊದಲ ಕರಡಿನಲ್ಲಿ ಬರೀ ಸಿಟ್ಟಿತ್ತು, ಅದನ್ನು ಹರಿದು ಹಾಕಿದೆ. ಎರಡನೆಯದರಲ್ಲಿ ಯಾವಾಗ ಮಾರಿದರು, ಆಗ ನನ್ನ ಕೆಲಸ ಏನಿತ್ತು, ಏನು ಹೇಳಿದರು, ಪುಸ್ತಿಕೆಯ ಯಾವ ಷರತ್ತಿನಿಂದ ನನಗೆ ಪರಿಹಾರ ಸಿಗುವುದಿಲ್ಲ, ಇಷ್ಟೇ. ಜೊತೆಗೆ, ಬ್ಯಾಂಕು ಮತ್ತು ಗ್ರಾಹಕರ ನಡುವಿನ ತಕರಾರು ಬಗೆಹರಿಸುವ ಫೈನಾನ್ಷಿಯಲ್ ಒಂಬುಡ್ಸ್‌ಮನ್ ಸಂಸ್ಥೆಯ ಪಿಪಿಐ ಪ್ರಶ್ನಾವಳಿ ತುಂಬಿಸಿ, ಆ ಟಿಪ್ಪಣಿಯ ಪ್ರತಿ ಲಗತ್ತಿಸಿದೆ. ನೆನಪಿಲ್ಲದ ಕಡೆ ನೆನಪಿಲ್ಲ ಅಂತಲೇ ಬರೆದೆ.

ಬ್ಯಾಂಕಿಗೆ ಎಂಟು ವಾರ ಸಮಯ. ಏಳನೇ ವಾರ ತಿರಸ್ಕಾರದ ಪತ್ರ ಬಂತು. ನಿಮಗೆ ಪುಸ್ತಿಕೆ ಕೊಟ್ಟಿದ್ದೆವು, ಓದಿಕೊಳ್ಳಬೇಕಿತ್ತು ಅನ್ನುವ ಧಾಟಿ. ತುಂಬ ಜನ ಇಲ್ಲೇ ಕೈಬಿಡುತ್ತಿದ್ದರು, ನನಗೆ ಅದೇ ಬೇಜಾರು. ಆ ಅಂತಿಮ ಉತ್ತರ ಬಂದ ಆರು ತಿಂಗಳ ಒಳಗೆ ಫೈನಾನ್ಷಿಯಲ್ ಒಂಬುಡ್ಸ್‌ಮನ್‌ಗೆ ಹೋಗಬಹುದು, ಗ್ರಾಹಕರಿಗೆ ಒಂದು ಪೆನ್ನಿಯೂ ಖರ್ಚಿಲ್ಲ. ಆಗಸ್ಟ್‌ನಲ್ಲಿ ಕಳಿಸಿದೆ. ಅಲ್ಲಿ ದೂರುಗಳ ರಾಶಿಯೇ ಇತ್ತು, ಒಂದು ವರ್ಷಕ್ಕೂ ಜಾಸ್ತಿ ಕಾದೆ. ಮೂರು ತಿಂಗಳಿಗೊಮ್ಮೆ ನಾನೇ ಫೋನ್ ಮಾಡಿ ಕೇಳುತ್ತಿದ್ದೆ.

ಪ್ರಕರಣ ನೋಡಿದ ಅಧಿಕಾರಿ ಕೊನೆಗೆ ಎತ್ತಿ ಹಿಡಿದದ್ದು ಆ ಕೈಬರಹದ ಟಿಪ್ಪಣಿಯನ್ನೇ. ಬ್ಯಾಂಕು ಒಪ್ಪಿಕೊಂಡಿತು. ನನ್ನ ಪರಿಚಯದ ಇನ್ನೊಬ್ಬ ಕನ್ನಡಿಗರ ದೂರು ಮಾತ್ರ ಅಲ್ಲೂ ಬಿದ್ದುಹೋಯಿತು. ಅವರದು ಕಾಯಂ ಕೆಲಸ, ಕಾಯಿಲೆ ಬಿದ್ದರೆ ಕಂಪನಿಯಿಂದ ಹೆಚ್ಚು ಸಂಬಳ ಬರುತ್ತಿರಲಿಲ್ಲ, ಬೇಕಾದರೆ ಮಾತ್ರ ತೆಗೆದುಕೊಳ್ಳಿ ಅಂತ ಬರೆದಿದ್ದ ಫಾರ್ಮಿನಲ್ಲಿ ಅವರೇ ಟಿಕ್ ಮಾಡಿದ್ದರು. ಅವರಿಗೆ ಆ ವಿಮೆ ನಿಜಕ್ಕೂ ಉಪಯೋಗಕ್ಕೆ ಬರುವಂಥದ್ದೇ ಆಗಿತ್ತು. ಆ ತೀರ್ಪು ಸರಿ ಅಂತಲೇ ನನಗೆ ಅನ್ನಿಸುತ್ತದೆ.

ಪಿಪಿಐ ದೂರುಗಳಿಗೆ ಕೊನೆಯ ದಿನ 2019ರ ಆಗಸ್ಟ್ 29 ಆಗಿತ್ತು, ಅದು ಮುಗಿಯಿತು. ಆದರೆ ಸಾಲದ ಜೊತೆ ಮಾರುವ ಬೇರೆ ವಿಮೆಗಳಿಗೆ ದಾರಿ ಈಗಲೂ ಇದೇ: ಮೊದಲು ಮಾರಿದವರಿಗೆ ದೂರು, ಎಂಟು ವಾರ, ಆಮೇಲೆ ಒಂಬುಡ್ಸ್‌ಮನ್.

ನನಗೆ 2013ರ ನವೆಂಬರ್‌ನಲ್ಲಿ ಚೆಕ್ ಬಂತು. ಕಟ್ಟಿದ್ದ ಅಷ್ಟೂ ಕಂತು, ಪ್ರತಿ ಕಂತಿಗೂ ಕಟ್ಟಿದ ದಿನದಿಂದ ಶೇಕಡ 8ರ ಸರಳ ಬಡ್ಡಿ. ಬಡ್ಡಿಯಲ್ಲಿ ಶೇಕಡ 20 ತೆರಿಗೆ ಮುರಿದುಕೊಂಡು ಕೈಗೆ ಸುಮಾರು 3,475 ಪೌಂಡ್. ಆದಾಯ ಕಡಿಮೆ ಇದ್ದು ತೆರಿಗೆ ಕಟ್ಟಬೇಕಿಲ್ಲದವರು ಹೀಗೆ ಮುರಿದ ತೆರಿಗೆಯನ್ನು ಆರ್40 ಅನ್ನುವ ಫಾರ್ಮ್ ತುಂಬಿ ವಾಪಸ್ ಕೇಳಬಹುದು, ಆದರೆ ಅದಕ್ಕೆ ನಾಲ್ಕು ವರ್ಷದ ಮಿತಿ ಇದೆ.