ಹಿಂದಿನಿಂದ ಗುದ್ದಿದರೆ ಮೊದಲು ವಿಡಿಯೋ, ಆಮೇಲೆ ಮಾತು

ಕಾಸರಗೋಡಿನ ಉಪ್ಪಳ, ಕುಂಬಳೆ ಕಡೆ ಟ್ರಾಫಿಕ್‌ನಲ್ಲಿ ಯಾರಾದರೂ ಹಿಂದಿನಿಂದ ಗುದ್ದಿದರೆ, ಗಾಡಿ ಸೈಡಿಗೆ ಹಾಕುವ ಮೊದಲೇ ಫೋನಲ್ಲಿ ಒಂದೇ ವಿಡಿಯೋ ತೆಗೆಯಿರಿ. ಎರಡೂ ನಂಬರ್ ಪ್ಲೇಟ್, ತಾಗಿದ ಜಾಗ, ಚೂರಾಗಿ ಬಿದ್ದ ಲೈಟಿನ ಗಾಜು, ಪಕ್ಕದ ಅಂಗಡಿ ಬೋರ್ಡು ಎಲ್ಲ ಕಟ್ ಇಲ್ಲದೆ ಬರಲಿ. ಗಾಡಿ ಸರಿಸಿದ ಮೇಲೆ "ನೀವೇ ರಿವರ್ಸ್ ಬಂದಿರಿ" ಅಂದರೆ ತೋರಿಸಲು ಏನೂ ಉಳಿಯುವುದಿಲ್ಲ, ಅಲ್ವಾ? ಆಮೇಲೆ ಅಲ್ಲೇ ನಿಂತು ಸರ್ಕಾರದ ಎಂಪರಿವಾಹನ್ ಆಪ್‌ನಲ್ಲಿ ಅವರ ಗಾಡಿ ನಂಬರ್ ಹಾಕಿ. ಕೆಎಲ್ ಆಗಲಿ ಕೆಎ ಆಗಲಿ, ಇನ್ಶೂರೆನ್ಸ್ ಯಾವಾಗಿನವರೆಗೆ ಇದೆ ಅಂತ ತೋರಿಸುತ್ತದೆ, ಅವರ ಬಾಯಿ ಮಾತು ನಂಬಬೇಕಾಗಿಲ್ಲ. ಆಪ್‌ಗೆ ಲಾಗಿನ್ ಬೇಕು, ಹಾಗಾಗಿ ಇವತ್ತೇ ಮಾಡಿಟ್ಟುಕೊಳ್ಳಿ. ಹೊಸ ಗಾಡಿಗೆ ತಾತ್ಕಾಲಿಕ ನಂಬರ್ ಇದ್ದರೆ ಅಥವಾ ನೆಟ್‌ವರ್ಕ್ ಇಲ್ಲದಿದ್ದರೆ ಇದು ಉಪಯೋಗಕ್ಕೆ ಬಾರದು, ಆಗ ಪಾಲಿಸಿ, ಆರ್‌ಸಿ, ಲೈಸೆನ್ಸ್ ಫೋಟೋ ಕೇಳಿ ತಗೊಳ್ಳಿ. ನಿಮ್ಮ ಕಾರಿನ ಹಿಂದಿನ ಡಿಕ್ಕಿ ಬಾಗಿಲು ಒಮ್ಮೆ ತೆಗೆದು ಮುಚ್ಚಿ ನೋಡಿ, ಬಂಪರ್ ಹೊರಗಿಂದ ಸರಿ ಕಂಡರೂ ಬಾಗಿಲು ಕೂರದಿದ್ದರೆ ಒಳಗೆ ಪೆಟ್ಟು ಬಿದ್ದಿರಬಹುದು, ಸುಮ್ನೆ ಐನೂರಕ್ಕೋ ಸಾವಿರಕ್ಕೋ ಒಪ್ಪಬೇಡಿ. ಯಾರಿಗಾದರೂ ಏಟಾಗಿದ್ದರೆ ಮಾತ್ರ ವಿಡಿಯೋ ಬಿಡಿ, 108ಕ್ಕೋ 112ಕ್ಕೋ ಮೊದಲು ಫೋನ್ ಮಾಡಿ.