ಅಗ್ರಿಮೆಂಟಿನಲ್ಲಿ ತಪ್ಪು ಕಂಡರೆ ಏನು ಮಾಡಬೇಕು?

ಸಹಿ ಹಾಕಿದ ಮೇಲೆ ತಪ್ಪು ಕಂಡರೆ ಮಂಗಳೂರು, ಉಡುಪಿ ಕಡೆ ಹೆಚ್ಚಿನವರು ಮಾಡುವುದು ಎರಡೇ. ಒಂದೋ ಫೋನಿನಲ್ಲೇ 'ಅಗ್ರಿಮೆಂಟ್ ಕ್ಯಾನ್ಸಲ್' ಅಂತ ಕೂಗುತ್ತಾರೆ, ಇಲ್ಲಾ ಸುಮ್ನೆ ಕೂತು ವರ್ಷ ಕಳೆಯುತ್ತಾರೆ. ಎರಡೂ ಬೇಡ.

ಹೆಜ್ಜೆ 1. ಮೂಲ ಕಾಗದ, ಪಹಣಿ, ನಕ್ಷೆ, ವಾಟ್ಸ್‌ಆ್ಯಪ್ ಮಾತುಕತೆ ಎಲ್ಲ ಒಂದು ಫೈಲಿಗೆ ಹಾಕಿ. ಯಾವುದನ್ನೂ ಡಿಲೀಟ್ ಮಾಡಬೇಡಿ.

ಹೆಜ್ಜೆ 2. ತಪ್ಪು ಯಾರದ್ದು ಅಂತ ನೋಡಿ. ಜನ ಎಡವುವುದು ಇಲ್ಲೇ, ಹಾಗಾಗಿ ನಿಧಾನಕ್ಕೆ ಓದಿ.

ಇಬ್ಬರೂ ಒಂದೇ ಮುಖ್ಯ ಸಂಗತಿಯನ್ನು ತಪ್ಪಾಗಿ ತಿಳಿದಿದ್ದರೆ ಆ ಕರಾರು ಅನೂರ್ಜಿತ, ಅಂದರೆ ಕಾನೂನಿನ ಕಣ್ಣಲ್ಲಿ ಅದು ಇಲ್ಲವೇ ಇಲ್ಲ. 1872ರ ಕರಾರು ಕಾಯ್ದೆಯ 20ನೇ ಸೆಕ್ಷನ್ ಹೇಳುವುದು ಇದನ್ನೇ. ಕಾಯ್ದೆಯಲ್ಲಿ ಕೊಟ್ಟ ಉದಾಹರಣೆ ಕುದುರೆಯದ್ದು, ನಾವು ಕಂಬಳದ ಕೋಣ ಅಂತ ಇಟ್ಟುಕೊಳ್ಳೋಣ. ವ್ಯಾಪಾರ ಕುದುರುವ ಹೊತ್ತಿಗೆ ಕೋಣ ಕೊಟ್ಟಿಗೆಯಲ್ಲಿ ಸತ್ತು ಬಿದ್ದಿದೆ, ಇಬ್ಬರಿಗೂ ಗೊತ್ತಿಲ್ಲ. ಆಗ ಕರಾರಿಲ್ಲ, ತೆಗೆದುಕೊಂಡ ಮುಂಗಡವನ್ನು 65ನೇ ಸೆಕ್ಷನ್ ಪ್ರಕಾರ ವಾಪಸ್ ಕೊಡಬೇಕು. ಆದರೆ ಕೋಣ ಬದುಕಿದ್ದು, 'ಛೇ, ಇಷ್ಟು ದುಡ್ಡು ಬಾಳುವುದಿಲ್ಲ' ಅಂತ ಆಮೇಲೆ ಅನಿಸಿದರೆ? ಅದು ಕಾನೂನು ಎಣಿಸುವ ತಪ್ಪಲ್ಲ. ಬೆಲೆಯ ಅಂದಾಜು ಕೆಟ್ಟರೆ ಕಾನೂನು ಕೈ ಹಿಡಿಯುವುದಿಲ್ಲ.

ತಪ್ಪು ನಿಮ್ಮೊಬ್ಬರದ್ದೇ ಆಗಿದ್ದರೆ, ಬರೀ ಆ ಕಾರಣಕ್ಕೆ ಕರಾರು ಮುರಿಯಲು ಬರುವುದಿಲ್ಲ (ಸೆಕ್ಷನ್ 22). ಎದುರಿನವರೇ ಸುಳ್ಳು ಅಥವಾ ತಪ್ಪು ಮಾಹಿತಿ ಕೊಟ್ಟು ನಂಬಿಸಿದ್ದರೆ ಮಾತು ಬೇರೆ, ಆಗ ಅದನ್ನು ರದ್ದು ಮಾಡುವ ಹಕ್ಕು ನಿಮ್ಮದು. ಮೋಸದ ಉದ್ದೇಶವಿಲ್ಲದೆ ಹೇಳಿದ ತಪ್ಪು ಮಾಹಿತಿಯಾದರೆ, ಸಾಮಾನ್ಯ ಎಚ್ಚರದಲ್ಲಿ ನೀವೇ ಸತ್ಯ ಕಂಡುಕೊಳ್ಳಬಹುದಿತ್ತೇ ಎಂಬ ಪ್ರಶ್ನೆ ಬಂದೇ ಬರುತ್ತದೆ. ಅದಕ್ಕೇ ಬ್ರೋಕರ್ ಗುಡ್ಡ ತೋರಿಸಿ 'ಇದೆಲ್ಲ ನಮ್ಮದೇ' ಅಂದಾಗ ವರ್ಗ (ಸ್ವಂತ ಹಕ್ಕಿನ ಪಟ್ಟಾ ಜಾಗ) ಎಷ್ಟು, ಕುಮ್ಕಿ ಎಷ್ಟು ಅಂತ ಮೊದಲೇ ಕೇಳಿ. ಕುಮ್ಕಿ ಸರ್ಕಾರದ ಜಾಗ, ಪಕ್ಕದ ವರ್ಗದಾರರಿಗೆ ಅದರಲ್ಲಿ ಇರುವುದು ಸೊಪ್ಪು ಸೌದೆಯಂಥ ಅನುಭೋಗ ಮಾತ್ರ.

'ಕಾನೂನು ಗೊತ್ತಿರಲಿಲ್ಲ' ಅನ್ನುವ ಮಾತು ನಡೆಯುವುದಿಲ್ಲ. ಸಾಲ ವಸೂಲಿಗೆ ಕೋರ್ಟಿಗೆ ಹೋಗುವ ಕಾಲಮಿತಿ ಮುಗಿದಿದೆ ಅಂತ ತಪ್ಪು ತಿಳಿದು ಇಬ್ಬರೂ ರಾಜಿ ಮಾಡಿಕೊಂಡರೂ ಆ ಕರಾರು ಊರ್ಜಿತವಾಗಿಯೇ ಉಳಿಯುತ್ತದೆ. ವಿಚಿತ್ರ ಅಂದರೆ, ಭಾರತದಲ್ಲಿ ಜಾರಿಯಲ್ಲಿಲ್ಲದ ಕಾನೂನಿನ ಬಗ್ಗೆ ತಪ್ಪು ತಿಳಿದರೆ ಅದನ್ನು ಸಂಗತಿಯ ತಪ್ಪು ಅಂತಲೇ ಎಣಿಸುತ್ತಾರೆ (ಸೆಕ್ಷನ್ 21). ದುಬೈ, ಕುವೈತ್ ವ್ಯವಹಾರ ಇರುವ ಮನೆಗಳು ಇದನ್ನು ನೆನಪಿಡಬೇಕು.

ಇನ್ನೊಂದು ಬಗೆ ಬರವಣಿಗೆಯ ತಪ್ಪು. ಮಾತಾದದ್ದು 18 ಸೆಂಟ್ಸ್, ಟೈಪಾದದ್ದು 8. ಇಲ್ಲಿ ಕರಾರು ಸರಿಯಾಗಿಯೇ ಇದೆ, ಕಾಗದ ತಪ್ಪಿದೆ ಅಷ್ಟೇ. ರದ್ದು ಮಾಡುವುದಲ್ಲ, ತಿದ್ದಿಸಬೇಕು.

ಹೆಜ್ಜೆ 3. ತಪ್ಪು ಏನೆಂದು ಬರೆದು ಎದುರಿನವರಿಗೆ ಸ್ಪೀಡ್ ಪೋಸ್ಟಿನಲ್ಲಿ ಪತ್ರ ಕಳಿಸಿ.

ಹೆಜ್ಜೆ 4. ಎದುರಿನವರು ಒಪ್ಪಿದರೆ ತಿದ್ದುಪಡಿ ಪತ್ರ ಮಾಡಿಸಿ. ಕ್ರಯಪತ್ರ ನೋಂದಣಿ ಆಗಿದ್ದರೆ ಇದನ್ನೂ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಿ. ವೈಟ್ನರ್ ಹಚ್ಚಿ ಅಂಕಿ ತಿದ್ದುವ ಬುದ್ಧಿವಂತಿಕೆ ಬೇಡ, ಆಮೇಲೆ ಅದೇ ಹೊಸ ಜಗಳಕ್ಕೆ ದಾರಿ. ಇನ್ನು ಜೆರಾಕ್ಸ್ ಅಂಗಡಿಯ ರೆಡಿಮೇಡ್ ಅಗ್ರಿಮೆಂಟ್ ಅಂತೂ ಮುಟ್ಟಲೇಬೇಡಿ. ಉಡುಪಿಯ ಮನೆಯ ಕರಾರಿನಲ್ಲಿ 'ವ್ಯಾಜ್ಯ ಬಂದರೆ ಬೆಂಗಳೂರು ಕೋರ್ಟು' ಅಂತ ಹಾಗೇ ಉಳಿದದ್ದನ್ನು ನೋಡಿದ್ದೇನೆ. ವಕೀಲರಿಗೆ ನಾಲ್ಕು ಕಾಸು ಕೊಟ್ಟು ಬರೆಸಿ.

ಹೆಜ್ಜೆ 5. ಒಪ್ಪದಿದ್ದರೆ ದಾವೆ. 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 26ನೇ ಸೆಕ್ಷನ್ ಅಡಿ ಕಾಗದ ತಿದ್ದಿಸಲು ಕೇಳಬಹುದು, ಆದರೆ ಅದನ್ನು ಬಿಡಿಸಿ ಕೇಳಬೇಕು, ಕೇಳದಿದ್ದರೆ ಕೋರ್ಟು ತಾನಾಗಿ ಕೊಡುವುದಿಲ್ಲ. ಸಾಮಾನ್ಯವಾಗಿ 3 ವರ್ಷದ ಅವಧಿ, ತಪ್ಪು ಗೊತ್ತಾದ ದಿನದಿಂದ ಅಥವಾ ಎಚ್ಚರವಿದ್ದಿದ್ದರೆ ಗೊತ್ತಾಗಬಹುದಿದ್ದ ದಿನದಿಂದ. ಅಷ್ಟರಲ್ಲಿ ಯಾವ ತಕರಾರೂ ಗೊತ್ತಿಲ್ಲದ ಮೂರನೆಯವರು ದುಡ್ಡು ಕೊಟ್ಟು ಆ ಜಾಗ ಕೊಂಡಿದ್ದರೆ, ಅವರ ಹಕ್ಕಿಗೆ ಧಕ್ಕೆ ಬರುವಂತೆ ಕೋರ್ಟು ಕಾಗದ ತಿದ್ದಿಸುವುದಿಲ್ಲ.