ಹತ್ತು ವರ್ಷದ ಫೈಲ್‌ನಲ್ಲಿ ಒಂದು ಕ್ಲೇಮೂ ಇರಲಿಲ್ಲ

ಸೇಡಂ ಕಡೆಯ ಒಂದು ಸಿಮೆಂಟ್ ಕಾರ್ಖಾನೆಯಲ್ಲಿ ಸೇಫ್ಟಿ ಆಫೀಸರ್ ಆಗಿದ್ದೆ. ಕಿವಿ ತಪಾಸಣೆಗೆ, ಇಯರ್‌ಪ್ಲಗ್‌ಗೆ ದುಡ್ಡು ಕೇಳಿದಾಗೆಲ್ಲ ಒಂದೇ ಪ್ರಶ್ನೆ: ಇದರಿಂದ ಉಳಿದದ್ದೆಷ್ಟು? 2022ರಲ್ಲಿ ಹಟಕ್ಕೆ ಬಿದ್ದು, ಕಿವುಡಿಗೆ ಕೊಟ್ಟ ಪರಿಹಾರದ ಲೆಕ್ಕ ತೆಗೆಯೋಣ ಅಂತ ಹತ್ತು ವರ್ಷದ ಫೈಲ್ ತಿರುವಿದೆ. ಒಂದು ರೂಪಾಯಿಯೂ ಇಲ್ಲ. "ಮತ್ತೇನ್ರಿ, ಭಾರಿ ಚಲೋ ನಡದದಲ್ಲ" ಅಂದರು ಮೀಟಿಂಗ್‌ನಲ್ಲಿ.

ಅದೇ ವಾರ, ಸಿಮೆಂಟ್ ಅರೆಯುವ ಬಾಲ್ ಮಿಲ್‌ನ ಹಿರಿಯ ಕಾರ್ಮಿಕರೊಬ್ಬರ ಆಡಿಯೋಗ್ರಾಮ್, ಅಂದರೆ ಕಿವಿ ತಪಾಸಣೆಯ ಗೆರೆಚಿತ್ರ, ನೋಡಿದ್ದೆ. ಕೀರಲು ದನಿಯ 4000 ಹರ್ಟ್ಜ್ ಹತ್ತಿರ ಗೆರೆ ಗುಂಡಿಗೆ ಬಿದ್ದಂಗೆ ಇಳಿದು, 8000ಕ್ಕೆ ಮತ್ತೆ ಸ್ವಲ್ಪ ಮೇಲೆದ್ದಿತ್ತು. ಸದ್ದು ಕಿವಿ ತಿಂದ ಗುರುತು ಅದು. "ಕೇಳಸ್ತದ್ರಿ ಸರ, ಆದ್ರ ಮಂದ್ಯಾಗ ಕುಂತ್ರ ಮಾತು ತಿಳಿಯಂಗಿಲ್ಲ" ಅಂದರು. ನೋವಿಲ್ಲ, ರಕ್ತ ಇಲ್ಲ, ವಯಸ್ಸಾಯ್ತು ಅಂತ ಸುಮ್ನಿದ್ದರು. ಪರಿಹಾರ ಕೇಳಬಹುದು ಅನ್ನೋದೇ ಗೊತ್ತಿರಲಿಲ್ಲ. ಇನ್ನು ಇಎಸ್‌ಐ (ಕಾರ್ಮಿಕರ ಸರ್ಕಾರಿ ವಿಮೆ) ಇರುವ ಗುತ್ತಿಗೆಯವರಿಗೆ ಕೊಟ್ಟರೂ ಇಎಸ್‌ಐನೇ ಕೊಡೋದು, ನಮ್ಮ ಪುಸ್ತಕದಲ್ಲಿ ಅದು ಹೇಗೆ ಕಾಣಬೇಕು?

ಹಾಗಾಗಿ ಮುಂದೆ ಕೊಡಬೇಕಾಗಿ ಬರಬಹುದಾದ ಹಣ ಲೆಕ್ಕ ಹಾಕಿದೆ. ಆಗ ಜಾರಿಯಲ್ಲಿದ್ದ ನೌಕರರ ಪರಿಹಾರ ಕಾಯ್ದೆಯ ಮೂರನೇ ಷೆಡ್ಯೂಲ್‌ನಲ್ಲಿ, ಅಂದರೆ ಕೆಲಸದಿಂದ ಬರುವ ಕಾಯಿಲೆಗಳ ಪಟ್ಟಿಯಲ್ಲಿ, ಸದ್ದಿನ ಕಿವುಡು ಇತ್ತು. ಸಂಬಳ ಎಷ್ಟೇ ಇದ್ದರೂ 2020ರಿಂದ ಲೆಕ್ಕಕ್ಕೆ ಹಿಡಿಯುತ್ತಿದ್ದುದು ತಿಂಗಳಿಗೆ 15,000ದವರೆಗೆ. ಅದರ 60 ಪರ್ಸೆಂಟ್ 9,000. ಅದನ್ನು ವಯಸ್ಸಿಗೆ ತಕ್ಕಂತೆ ಕಾಯ್ದೆಯಲ್ಲಿ ಕೊಟ್ಟಿದ್ದ ಅಂಕಿಯಿಂದ, 45 ವಯಸ್ಸಿಗೆ 169.44ರಿಂದ, ಗುಣಿಸಬೇಕಿತ್ತು. ದುಡಿಯುವ ಶಕ್ತಿ ಬರೀ 10 ಪರ್ಸೆಂಟ್ ಹೋಯ್ತು ಅಂತಾದರೂ ಒಬ್ಬರಿಗೆ 1,52,496 ರೂಪಾಯಿ.

ಮೊದಲ ಸಲ ನಾನೇ ತಪ್ಪು ಮಾಡಿದೆ. ಕಿವಿ ತಪಾಸಣೆ, ಇಯರ್‌ಪ್ಲಗ್ ಕಾರ್ಯಕ್ರಮ ಶುರುವಾಗೋ ಮುಂಚೆಯೇ ಹೋಗಿದ್ದ ಕಿವಿಗಳನ್ನೂ ಸೇರಿಸಿಬಿಟ್ಟಿದ್ದೆ, ಇಡೀ ಕಾರ್ಯಕ್ರಮವೇ ದಂಡ ಅನ್ನುವಂಗಾಯ್ತು. ಆಮೇಲೆ ಪ್ರತಿಯೊಬ್ಬರ ಮೊದಲ ಆಡಿಯೋಗ್ರಾಮ್ ಪಕ್ಕಕ್ಕಿಟ್ಟು, ಅಲ್ಲಿಂದೀಚೆ ಎಷ್ಟು ಇಳಿದಿದೆ ಅನ್ನೋದನ್ನಷ್ಟೇ ಹಿಡಿದು ವಿಭಾಗವಾರು ಬರೆದೆ. ಪ್ಲಗ್ ಜಾಸ್ತಿ ಖರ್ಚಾಗಿದ್ದ ಬಾಲ್ ಮಿಲ್‌ನಲ್ಲೇ ಹೊಸ ನಷ್ಟವೂ ಜಾಸ್ತಿ! ಹೋಗಿ ನೋಡಿದರೆ ಪ್ಲಗ್ ಅರ್ಧ ಹೊರಗೇ ನಿಂತಿತ್ತು. ಬೀಡಿ ಸುತ್ತಿದಂಗೆ ಸಣ್ಣಗೆ ಹೊಸೆದು, ಇನ್ನೊಂದು ಕೈಯಿಂದ ಕಿವಿ ಮೇಲಕ್ಕೂ ಹಿಂದಕ್ಕೂ ಎಳೆದು ಒಳಗೆ ತೂರಿಸಿ, ಅದು ಉಬ್ಬೋವರೆಗೆ ಬೆರಳಲ್ಲಿ ಒತ್ತಿ ಹಿಡಿಯಬೇಕು. ಯಾರೂ ತೋರಿಸಿಕೊಟ್ಟಿರಲಿಲ್ಲ.

ಕೇಳಿದ ದುಡ್ಡಲ್ಲಿ ಅರ್ಧ ಸಿಕ್ಕಿತು. ಸದ್ದು ಒಳಗೆ ನುಗ್ಗದಂಗೆ, ಮೊದಲು ಮಿಲ್ ಪಕ್ಕದ ಕ್ಯಾಬಿನ್ ಬಾಗಿಲಿನ ಹರಿದ ರಬ್ಬರ್ ಬದಲಿಸಿದ್ವಿ. ಆ ಹಿರಿಯರ ಕ್ಲೇಮ್ ಅರ್ಜಿ ನಾನೇ ಕೂತು ಬರೆದುಕೊಟ್ಟೆ. ಮ್ಯಾನೇಜರ್‌ಗೆ ಸಿಟ್ಟು ಬಂತು, ಫೈಲ್‌ನಲ್ಲಿ ಅದೇ ಮೊದಲ ಹಾಳೆ.